ಪಂಪ್ ಹೋಯ್ತು ಅನ್ನೋ ಮೊದಲು ಅರ್ಥಿಂಗ್ ನೋಡಿ

ಕಳೆದ ಮಳೆಗಾಲದ ರಜೆಯಲ್ಲಿ ನಾವು ಮೂವರು ಗೆಳೆಯರು ಹೊನ್ನಾವರಕ್ಕೆ ಹೋಗಿದ್ವಿ. ನಮ್ಮಲ್ಲೊಬ್ಬನ ಊರು ಅದು. ಅವನ ಮಾವನಿಗೆ ಒಂದು ಹಳೇ ಪೆಟ್ರೋಲ್ ಕಾರಿದೆ. ಇಡಗುಂಜಿ, ಮುರ್ಡೇಶ್ವರ ಅಂತ ಬಾಡಿಗೆ ಓಡಿಸಿ ಮನೆ ನಡೆಸ್ತಾರೆ. ಆ ಕಾರು ಒಂದು ವಾರದಿಂದ ಕಾಟ ಕೊಡ್ತಿತ್ತು. ಬೆಳಿಗ್ಗೆ ಸರಿಯಾಗೇ ಸ್ಟಾರ್ಟ್ ಆಗುತ್ತೆ, ಶರಾವತಿ ಸೇತುವೆ ದಾಟಿ ಸ್ವಲ್ಪ ದೂರ ಹೋದರೆ ಎಳೆಯೋದೇ ಇಲ್ಲ, ಏರು ಬಂದರೆ ನಿಂತೇ ಹೋಗುತ್ತೆ. "ಎಂತ ಮಾಡೂದು ಮಾರಾಯಾ, ಬಾಡಿಗೆ ಎಲ್ಲಾ ತಪ್ಪಿ ಹೋಗ್ತದೆ" ಅಂದರು ಮಾವ.

ಇಂಜಿನಿಯರಿಂಗ್ ಹುಡುಗರಲ್ವಾ, ನಾವು ಮಲ್ಟಿಮೀಟರ್ ಹಿಡಿದು ಇಳಿದೇ ಬಿಟ್ವಿ.

ಮೊದಲು ಸರ್ಕ್ಯೂಟ್ ನೋಡೋಣ. ಇಲ್ಲಿ ಫ್ಯೂಯಲ್ ಪಂಪ್ ಅಂದರೆ ಬಂಕ್ ಅಲ್ಲ. ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿರುವ ಪುಟ್ಟ ಡಿಸಿ ಮೋಟಾರ್. ಕರೆಂಟ್ ಬ್ಯಾಟರಿಯಿಂದ ಹೊರಟು ಫ್ಯೂಸ್, ರಿಲೇ ದಾಟಿ ಪಂಪಿಗೆ ಬರುತ್ತದೆ. ಅಲ್ಲಿಂದ ಅರ್ಥಿಂಗ್ ವೈರ್ ಮೂಲಕ ಕಾರಿನ ಬಾಡಿಗೆ, ಬಾಡಿಯಿಂದ ವಾಪಸ್ ಬ್ಯಾಟರಿಯ ನೆಗೆಟಿವ್‌ಗೆ. ಹೋಗುವ ದಾರಿ ಎಷ್ಟು ಮುಖ್ಯವೋ ವಾಪಸ್ ಬರುವ ದಾರಿಯೂ ಅಷ್ಟೇ ಮುಖ್ಯ.

ಕೀ ಆನ್ ಮಾಡಿದ ತಕ್ಷಣ ಹಿಂದಿನ ಸೀಟಿನ ಕಡೆಯಿಂದ ಸುಮಾರು ಎರಡು ಸೆಕೆಂಡ್ "ಗುಂಯ್" ಅನ್ನೋ ಸದ್ದು ಬರಬೇಕು. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಿ. ಆಮೇಲೆ ಅದೇ ನಂಬರಿನ ಇನ್ನೊಂದು ರಿಲೇ, ಕೆಲವು ಕಾರುಗಳಲ್ಲಿ ಹಾರ್ನಿನದ್ದು, ಅದಲು ಬದಲು ಮಾಡಿ ನೋಡಿ. ನಮಗೆ ಸದ್ದು ಬಂತು, ಆದರೆ ಸೊರಗಿತ್ತು.

ಇಲ್ಲೇ ನಾವು ಎಡವಿದ್ದು. ಪಂಪಿನ ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಎರಡು ಪಿನ್ ಮಧ್ಯೆ ಅಳೆದ್ವಿ. 12.4 ವೋಲ್ಟ್! "ವೈರಿಂಗ್ ಸರಿ ಇದೆ ಮಾವ, ಪಂಪೇ ಹೋಗಿದೆ" ಅಂತ ತೀರ್ಪು ಕೊಟ್ವಿ. ಮಾವ ಹೊಸ ಪಂಪಿಗೆ ದುಡ್ಡು ಹೊಂದಿಸೋಕೆ ಶುರು ಮಾಡಿದರು.

ರಾತ್ರಿ ಊಟ ಮಾಡುವಾಗ ನಮ್ಮಲ್ಲೊಬ್ಬನಿಗೆ ಓಮ್ಸ್ ಲಾ ನೆನಪಾಯ್ತು. ಸಾಮಾನ್ಯ ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸುಮಾರು 10 ಮೆಗಾಓಮ್. ಅದು ಕರೆಂಟನ್ನು ಎಳೆಯೋದೇ ಇಲ್ಲ ಅನ್ನಬಹುದು. ಕರೆಂಟ್ ಹರಿಯದಿದ್ದರೆ ತುಕ್ಕು ಹಿಡಿದ ಜಾಯಿಂಟಿನಲ್ಲೂ ವೋಲ್ಟೇಜ್ ಬೀಳೋದಿಲ್ಲ. ಅಂದರೆ ಕನೆಕ್ಟರ್ ಬಿಚ್ಚಿ ಅಳೆದರೆ ಕೆಟ್ಟ ವೈರೂ ಒಳ್ಳೇದಾಗೇ ಕಾಣುತ್ತೆ. ಪಂಪ್ ಓಡುವಾಗಲೇ ಅಳೆಯಬೇಕು.

ಮರುದಿನ ಕನೆಕ್ಟರ್ ಹಾಕಿ, ಇಂಜಿನ್ ಐಡಲಿಂಗಿನಲ್ಲಿಟ್ಟು, ಕನೆಕ್ಟರಿನ ಹಿಂಭಾಗದಿಂದ ಪಿನ್ ಮುಟ್ಟಿಸಿ ಅಳೆದ್ವಿ:

ಬ್ಯಾಟರಿಯಲ್ಲಿ 14.1 ವೋಲ್ಟ್.
ಪಂಪಿನ ಎರಡು ಪಿನ್ ಮಧ್ಯೆ 10.2.
ಬ್ಯಾಟರಿ ಪಾಸಿಟಿವ್‌ನಿಂದ ಪಂಪ್ ಪಾಸಿಟಿವ್‌ಗೆ 0.4.
ಪಂಪ್ ನೆಗೆಟಿವ್‌ನಿಂದ ಬ್ಯಾಟರಿ ನೆಗೆಟಿವ್‌ಗೆ 3.5!

ಕಳ್ಳ ಸಿಕ್ಕಿಬಿದ್ದ. ಪಂಪ್ 5 ಆಂಪಿಯರ್ ಎಳೆಯುತ್ತೆ ಅಂತಿಟ್ಟುಕೊಂಡರೆ ಅರ್ಥಿಂಗಿನಲ್ಲಿ 0.7 ಓಮ್ ಅಷ್ಟೇ. ಆದರೆ ಅಷ್ಟಕ್ಕೇ ಮೋಟಾರಿನ ವೇಗ ಇಳಿದು, ಪೆಟ್ರೋಲಿನ ಒತ್ತಡ ಕಡಿಮೆಯಾಗುತ್ತೆ. ಐಡಲಿಂಗಿಗೆ ಅದು ಸಾಕು, ಏರು ಹತ್ತೋಕೆ ಸಾಲೋದಿಲ್ಲ. ಓಡ್ತಾ ಓಡ್ತಾ ಜಾಯಿಂಟ್ ಬಿಸಿಯಾದರೆ ರೆಸಿಸ್ಟೆನ್ಸ್ ಇನ್ನೂ ಏರುತ್ತೆ.

ಹಿಂದಿನ ಸೀಟಿನ ಕೆಳಗಿನ ಮ್ಯಾಟ್ ಎತ್ತಿದರೆ ನೀರು ಇಳಿದ ಗುರುತು. ಬಾಡಿಗೆ ಅರ್ಥಿಂಗ್ ಕಚ್ಚಿಸಿದ ಬೋಲ್ಟಿನ ಸುತ್ತ ತುಕ್ಕು, ವೈರಿನ ತುದಿಯಲ್ಲಿ ಹಸಿರು ಕಿಲುಬು. ಕರಾವಳಿಯ ಉಪ್ಪುಗಾಳಿಗೆ ಮಳೆನೀರೂ ಸೇರಿದರೆ ಇನ್ನೇನಾಗುತ್ತೆ? ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಜಾಗವನ್ನು ಸ್ಯಾಂಡ್ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಟರ್ಮಿನಲ್ ಹಾಕಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದ್ವಿ. ಮತ್ತೆ ಅಳೆದಾಗ 3.5 ಇದ್ದದ್ದು 0.1ಕ್ಕೆ ಇಳಿದಿತ್ತು.

ನೀವೂ ಮಾಡುವುದಾದರೆ ಎರಡು ಎಚ್ಚರ. ಟ್ಯಾಂಕಿನ ಹತ್ತಿರ ಪೆಟ್ರೋಲ್ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ, ಒಂದು ಕಿಡಿ ಸಾಕು. ಫ್ಯೂಸ್ ಪದೇ ಪದೇ ಹೋಗ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ, ವೈರೇ ಸುಟ್ಟೀತು.

ಮಾವ ಆ ಸಂಜೆಯೇ ಇಡಗುಂಜಿಗೆ ಬಾಡಿಗೆ ಹೋಗಿ ಬಂದರು. ಓಮ್ಸ್ ಲಾ ಬರೆದು ಪರೀಕ್ಷೆಯಲ್ಲಿ ಮಾರ್ಕ್ಸ್ ತಗೊಂಡಿದ್ವಿ, ಅದು ಅರ್ಥವಾಗಿದ್ದು ಮಾತ್ರ ಆ ಸೀಟಿನ ಕೆಳಗೆ. ಒಂದು ರಾತ್ರಿ ತಡವಾಗಿದ್ದರೆ ನಮ್ಮ ಮಾತು ನಂಬಿ ಅವರು ಸರಿಯಿದ್ದ ಪಂಪನ್ನೇ ಬಿಸಾಡ್ತಿದ್ರು.