ನಿಮಗಿದು ಗೊತ್ತೇ? ಆಮೆಯ ಬೆನ್ನೇರಿದ ಲೋಕದ ಕಥೆಗಳು

ತಟ್ಟೆಯಂತೆ ಚಪ್ಪಟೆಯಾದ ಭೂಮಿ. ಅದನ್ನು ಹೊತ್ತು ನಿಂತ ನಾಲ್ಕು ಆನೆಗಳು. ಆ ಆನೆಗಳು ನಿಂತಿರುವುದು ನಕ್ಷತ್ರಗಳ ನಡುವೆ ಈಜುತ್ತ ಸಾಗುವ ಮಹಾ ಆಮೆಯೊಂದರ ಬೆನ್ನ ಮೇಲೆ. ಕೂರ್ಮಾವತಾರ, ಅಷ್ಟದಿಗ್ಗಜಗಳ ಕಥೆ ಕೇಳಿ ಬೆಳೆದ ನಮಗೆ ಇದು ತೀರಾ ಅಪರಿಚಿತ ಚಿತ್ರವೇನಲ್ಲ. ಆದರೆ ಇದು ಇಂಗ್ಲಿಷ್ ಲೇಖಕ ಟೆರಿ ಪ್ರಾಚೆಟ್ (1948–2015) ಕಟ್ಟಿದ ‘ಡಿಸ್ಕ್‌ವರ್ಲ್ಡ್’. 1983ರಿಂದ 2015ರವರೆಗೆ ಈ ಲೋಕದಲ್ಲಿ ನಡೆಯುವ 41 ಕಾದಂಬರಿಗಳು ಪ್ರಕಟವಾದವು. ಪುಸ್ತಕದೊಳಗೆ ಹುಟ್ಟಿದ ಲೋಕಗಳು ಸಾಮಾನ್ಯವಾಗಿ ಪುಸ್ತಕದಲ್ಲೋ ಹೆಚ್ಚೆಂದರೆ ತೆರೆಯ ಮೇಲೋ ಉಳಿಯುತ್ತವೆ. ಇದು ಹಾಗಲ್ಲ. ಓದುಗರೇ ಇದನ್ನು ಕೈಹಿಡಿದು ಹೊರಗೆ ಕರೆತಂದರು.

ಭೂಮಿ ಆನೆಯ ಮೇಲೆ, ಆನೆ ಆಮೆಯ ಮೇಲೆ ನಿಂತಿದೆ ಎಂದು ಭಾರತದವರು ನಂಬುತ್ತಾರೆ ಎಂಬ ಮಾತು ಯುರೋಪಿನಲ್ಲಿ ಬಹಳ ಹಳೆಯದು. ಹದಿನೇಳನೇ ಶತಮಾನದ ಕೊನೆಯಲ್ಲಿ ತತ್ವಜ್ಞಾನಿ ಜಾನ್ ಲಾಕ್ ತಮ್ಮ ಗ್ರಂಥದಲ್ಲಿ ಇದನ್ನೇ ಉದಾಹರಣೆಯಾಗಿ ಬಳಸಿದ್ದರು. ಲೋಕ ಹೊತ್ತ ಆಮೆಯ ಕಥೆ ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲೂ ಇದೆ. ಪ್ರಾಚೆಟ್ ಈ ಪುರಾಣವನ್ನು ಎತ್ತಿಕೊಂಡು, ಅದು ನಿಜವೇ ಆಗಿದ್ದರೆ ಅಲ್ಲಿನ ಜನ ಏನೇನು ಕೇಳುತ್ತಿದ್ದರು ಎಂದು ಯೋಚಿಸಿದರು. ಮೊದಲ ಕಾದಂಬರಿಯಲ್ಲೇ ಒಂದು ರಾಜ್ಯದ ವಿದ್ವಾಂಸರು ಭೂಮಿಯ ಅಂಚಿನಿಂದ ನೌಕೆ ಇಳಿಸಲು ಹೊರಡುತ್ತಾರೆ. ಆಮೆ ಗಂಡೋ ಹೆಣ್ಣೋ ಎಂದು ನೋಡಿಬರುವುದು ಅವರ ಉದ್ದೇಶ!

ನ್ಯೂಜಿಲೆಂಡಿನಲ್ಲಿ ಸಿಕ್ಕ ಪ್ರಾಚೀನ ಕಡಲಾಮೆಯೊಂದರ ಪಳೆಯುಳಿಕೆಗೆ 1995ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರು ‘ಸೆಫೋಫೋರಸ್ ಟೆರಿಪ್ರಾಚೆಟಿ’. ಲೇಖಕನಿಗೆ ಇದಕ್ಕಿಂತ ಒಪ್ಪುವ ಗೌರವ ಬೇರೊಂದು ಇರಲಾರದು.

ಡಿಸ್ಕ್‌ವರ್ಲ್ಡಿನಲ್ಲಿ ವಾರಕ್ಕೆ ಎಂಟು ದಿನ. ಕಾಮನಬಿಲ್ಲಿಗೆ ಎಂಟು ಬಣ್ಣ. ಎಂಟನೆಯದರ ಹೆಸರು ‘ಆಕ್ಟರೀನ್’, ಮಾಂತ್ರಿಕರ ಮತ್ತು ಬೆಕ್ಕುಗಳ ಕಣ್ಣಿಗೆ ಮಾತ್ರ ಕಾಣುವಂಥದ್ದು.

ಇಷ್ಟೆಲ್ಲ ಶುರುವಾದದ್ದು ಒಂದು ಸಂದರ್ಶನದಿಂದ. ಹದಿಹರೆಯದಲ್ಲೇ ‘ಬಕ್ಸ್ ಫ್ರೀ ಪ್ರೆಸ್’ ಎಂಬ ಸ್ಥಳೀಯ ಪತ್ರಿಕೆ ಸೇರಿದ್ದ ಪ್ರಾಚೆಟ್, 1968ರಲ್ಲಿ ಕಾಲಿನ್ ಸ್ಮೈಥ್ ಎಂಬ ಪುಟ್ಟ ಪ್ರಕಾಶನ ಸಂಸ್ಥೆಯ ಪಾಲುದಾರರೊಬ್ಬರನ್ನು ಮಾತನಾಡಿಸಲು ಹೋದರು. ಮಾತಿನ ನಡುವೆ, ತಾನೂ ಒಂದು ಕಾದಂಬರಿ ಬರೆದಿದ್ದೇನೆ ಎಂದರು. ಅದೇ 1971ರಲ್ಲಿ ಬಂದ ‘ದಿ ಕಾರ್ಪೆಟ್ ಪೀಪಲ್’. ಹನ್ನೆರಡು ವರ್ಷಗಳ ನಂತರ, ಮೊದಲ ಡಿಸ್ಕ್‌ವರ್ಲ್ಡ್ ಕಾದಂಬರಿ ‘ದಿ ಕಲರ್ ಆಫ್ ಮ್ಯಾಜಿಕ್’ ಹೊರತಂದದ್ದೂ ಅದೇ ಪ್ರಕಾಶಕರು. ಬ್ರಿಟನ್ನಿನಲ್ಲಿ ಬಂದ ಮೊದಲ ಆವೃತ್ತಿಯ ಪ್ರತಿಗಳು ಐನೂರರ ಆಸುಪಾಸು. ಬಿಬಿಸಿ ರೇಡಿಯೊದ ‘ವುಮನ್ಸ್ ಅವರ್’ ಅದನ್ನು ಧಾರಾವಾಹಿಯಾಗಿ ಓದಿಸಿದ ಮೇಲೆ, 1985ರ ಅಗ್ಗದ ಆವೃತ್ತಿಗೆ ಜನ ಮುಗಿಬಿದ್ದರು. ಆ ಸಂಸ್ಥೆಯ ಕಾಲಿನ್ ಸ್ಮೈಥ್ ಮುಂದೆ ಪ್ರಾಚೆಟ್ ಅವರ ಸಾಹಿತ್ಯ ಏಜೆಂಟ್ ಆದರು. ಸಣ್ಣ ಪ್ರಕಾಶಕರೊಬ್ಬರು ಹೊಸ ಹುಡುಗನೊಬ್ಬನ ಮೇಲೆ ಇಟ್ಟ ನಂಬಿಕೆ ಇಷ್ಟು ದೂರ ಬರುತ್ತದೆಂದು ಆಗ ಯಾರು ಎಣಿಸಿದ್ದರು!

ಮೊದಲ ಡಿಸ್ಕ್‌ವರ್ಲ್ಡ್ ಕಾದಂಬರಿ ಬಂದ ಹೊತ್ತಿಗೆ ಪ್ರಾಚೆಟ್ ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸ ಏನು ಗೊತ್ತೇ? ಇಂಗ್ಲೆಂಡಿನ ವಿದ್ಯುತ್ ಉತ್ಪಾದನಾ ಮಂಡಳಿಯಲ್ಲಿ ಪತ್ರಿಕಾ ಸಂಪರ್ಕಾಧಿಕಾರಿ. ಅಣುಸ್ಥಾವರಗಳ ಬಗ್ಗೆ ಪತ್ರಕರ್ತರು ಕೇಳುವ ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. 1987ರಲ್ಲಿ ನೌಕರಿ ಬಿಟ್ಟು ಪೂರ್ಣಾವಧಿ ಲೇಖಕರಾದರು.

1985ರ ಆ ಅಗ್ಗದ ಆವೃತ್ತಿಯ ಮುಖಪುಟದ ಚಿತ್ರ ಬರೆದವರು ಜಾಶ್ ಕರ್ಬಿ. ಟೂಫ್ಲವರ್ ಎಂಬ ಕನ್ನಡಕಧಾರಿ ಪ್ರವಾಸಿಯನ್ನು ಕಾದಂಬರಿ ‘ನಾಲ್ಕು ಕಣ್ಣಿನವ’ ಎನ್ನುತ್ತದೆ. ಕರ್ಬಿ ಅವನ ಮುಖದ ಮೇಲೆ ನಿಜವಾಗಿಯೂ ನಾಲ್ಕು ಕಣ್ಣು ಬರೆದುಬಿಟ್ಟರು! 2001ರಲ್ಲಿ ಅವರು ತೀರಿಕೊಂಡ ನಂತರ ಕುಂಚ ಹಿಡಿದವರು ಪಾಲ್ ಕಿಡ್ಬಿ.

ಈ ಲೋಕದ ಅತ್ಯಂತ ಪ್ರೀತಿಯ ಪಾತ್ರ ಯಾವುದು ಎಂದು ಕೇಳಿದರೆ ಬಹಳಷ್ಟು ಓದುಗರು ಹೇಳುವುದು ಸಾವಿನ ಹೆಸರನ್ನು. ಕಪ್ಪು ನಿಲುವಂಗಿ, ಕೈಯಲ್ಲಿ ಕುಡುಗೋಲು, ಏರಲು ಬಿಂಕಿ ಎಂಬ ಬಿಳಿ ಕುದುರೆ. ಈ ಅಸ್ಥಿಪಂಜರಕ್ಕೆ ಬೆಕ್ಕು ಕಂಡರೆ ಅಕ್ಕರೆ, ಊಟಕ್ಕೆ ಕರಿ ಇದ್ದರೆ ಖುಷಿ. ಅವನ ಮಾತೆಲ್ಲ ಉದ್ಧರಣ ಚಿಹ್ನೆಯಿಲ್ಲದೆ ಕ್ಯಾಪಿಟಲ್ ಅಕ್ಷರಗಳಲ್ಲೇ ಅಚ್ಚಾಗುತ್ತದೆ. 41 ಕಾದಂಬರಿಗಳಲ್ಲಿ ಅವನು ಕಾಣಿಸಿಕೊಳ್ಳದವು ಎರಡೇ: ‘ದಿ ವೀ ಫ್ರೀ ಮೆನ್’ ಮತ್ತು ‘ಸ್ನಫ್’. ಅವನು ಯಾರನ್ನೂ ಕೊಲ್ಲುವವನಲ್ಲ, ಹೊತ್ತು ಮುಗಿದವರನ್ನು ಕರೆದೊಯ್ಯುವವನು ಅಷ್ಟೇ. ಮನುಷ್ಯರನ್ನು ಅರ್ಥಮಾಡಿಕೊಳ್ಳಲು ಅವನು ಪಡುವ ಪಾಡು ಓದುತ್ತ ಓದುತ್ತ ಮನಸ್ಸಿಗೆ ಇಳಿಯುತ್ತದೆ. ವಾಸಿಯಾಗದ ಕಾಯಿಲೆಯಲ್ಲಿದ್ದ ಓದುಗರು ಪ್ರಾಚೆಟ್ ಅವರಿಗೆ ಕಾಗದ ಬರೆದು, ಸಾವು ನಿಮ್ಮ ಪುಸ್ತಕದಲ್ಲಿರುವಂತೆಯೇ ಇದ್ದರೆ ಸಾಕು ಎನ್ನುತ್ತಿದ್ದರಂತೆ. ನಗಿಸುವ ಕಾದಂಬರಿ ಎಂದು ವಿಮರ್ಶಕರು ಬದಿಗೆ ಸರಿಸಿದ ಪುಸ್ತಕಗಳು ಮಾಡಿದ ಕೆಲಸ ಇದು. 2015ರ ಮಾರ್ಚ್ 12ರಂದು ಪ್ರಾಚೆಟ್ ತೀರಿಕೊಂಡ ಸುದ್ದಿ ಅವರದೇ ಟ್ವಿಟರ್ ಖಾತೆಯಿಂದ ಹೊರಬಿತ್ತು. ಅದನ್ನು ತಿಳಿಸಿದ್ದೂ ಸಾವಿನ ಪಾತ್ರವೇ, ಅದೇ ದೊಡ್ಡ ಅಕ್ಷರಗಳಲ್ಲಿ.

ಮೊದಲ ಕೆಲವು ಪುಸ್ತಕಗಳಿಗೆ ನಕ್ಷೆಯೇ ಇರಲಿಲ್ಲ. ಕಲ್ಪನಾಲೋಕದ ಕಾದಂಬರಿ ಎಂದರೆ ಮೊದಲ ಪುಟದಲ್ಲಿ ನಕ್ಷೆ ಇರಲೇಬೇಕು ಎನ್ನುವ ರೂಢಿಯ ಕಾಲ ಅದು. ಕೊನೆಗೆ ಕಥೆಗಳಲ್ಲಿ ಬರುವ ಬೀದಿ, ಸೇತುವೆ, ತಿರುವುಗಳನ್ನೆಲ್ಲ ಹೆಕ್ಕಿ ಜೋಡಿಸಿದವರು ಸ್ಟೀಫನ್ ಬ್ರಿಗ್ಸ್. 1993ರಲ್ಲಿ ಆಂಖ್-ಮೋರ್ಪೋರ್ಕ್ ಮಹಾನಗರದ ಬೀದಿ ನಕ್ಷೆ ಬಂತು, 1995ರಲ್ಲಿ ಇಡೀ ಲೋಕದ ನಕ್ಷೆ.

ಈ ಬ್ರಿಗ್ಸ್ ಮೂಲತಃ ಹವ್ಯಾಸಿ ರಂಗಭೂಮಿಯವರು. ಡಿಸ್ಕ್‌ವರ್ಲ್ಡ್ ಮೊದಲು ರಂಗವೇರಿದ್ದೇ ಅವರಿಂದ. 1991ರಲ್ಲಿ ಅಬಿಂಗ್ಡನ್ ಎಂಬ ಊರಿನಲ್ಲಿ ಅವರ ತಂಡ ‘ವಿಯರ್ಡ್ ಸಿಸ್ಟರ್ಸ್’ ಆಡಿತು. ಮುಂದೆ ಅವರು ಹತ್ತಾರು ಕಾದಂಬರಿಗಳನ್ನು ನಾಟಕವಾಗಿಸಿದರು. ನೂರು ಕೋಟಿ ಸುರಿದ ತೆರೆಗಿಂತ, ಸಂಜೆ ಕೆಲಸ ಮುಗಿಸಿ ತಾಲೀಮಿಗೆ ಬರುವವರ ರಂಗವೇ ಈ ಕಥೆಗಳಿಗೆ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿನ ಜೀವಾಳ ಮಾತು. ಆ ಮಾತಿಗೆ ಗ್ರಾಫಿಕ್ಸ್ ಬೇಕಿಲ್ಲ.

ಕಿರುತೆರೆಯ ಕಥೆಯೂ ಸ್ವಾರಸ್ಯದ್ದೇ. 1997ರಲ್ಲಿ ಕಾಸ್‌ಗ್ರೋವ್ ಹಾಲ್ ಸ್ಟುಡಿಯೊ ‘ವಿಯರ್ಡ್ ಸಿಸ್ಟರ್ಸ್’ ಮತ್ತು ‘ಸೋಲ್ ಮ್ಯೂಸಿಕ್’ ಕಾದಂಬರಿಗಳನ್ನು ಅನಿಮೇಷನ್ ಮಾಡಿದಾಗ ಸಾವಿಗೆ ದನಿ ಕೊಟ್ಟವರು ಕ್ರಿಸ್ಟೊಫರ್ ಲೀ. 2006ರ ಡಿಸೆಂಬರಿನಲ್ಲಿ ಸ್ಕೈ ಒನ್ ವಾಹಿನಿ ‘ಹಾಗ್‌ಫಾದರ್’ ಪ್ರಸಾರ ಮಾಡಿತು. ಅದರಲ್ಲಿ ಸಾವಿನ ದನಿ ಇಯಾನ್ ರಿಚರ್ಡ್‌ಸನ್ ಅವರದು. ಎರಡು ತಿಂಗಳಲ್ಲೇ ಅವರು ತೀರಿಕೊಂಡರು. 2008ರ ‘ದಿ ಕಲರ್ ಆಫ್ ಮ್ಯಾಜಿಕ್’ಗೆ ಲೀ ಮತ್ತೆ ಬಂದರು. ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳಲ್ಲಿ ಸ್ಯಾಮ್ ಆಗಿದ್ದ ಶಾನ್ ಆಸ್ಟಿನ್ ಇಲ್ಲಿ ಟೂಫ್ಲವರ್ ಆದರು. ಆಂಖ್-ಮೋರ್ಪೋರ್ಕ್ ನಗರದ ಆಳರಸ ವೆಟಿನಾರಿ ಆ ಚಿತ್ರದಲ್ಲಿ ಜೆರೆಮಿ ಐರನ್ಸ್, 2010ರ ‘ಗೋಯಿಂಗ್ ಪೋಸ್ಟಲ್’ನಲ್ಲಿ ಚಾರ್ಲ್ಸ್ ಡಾನ್ಸ್. ಮುಂದೆ ‘ದಿ ಕ್ರೌನ್’ನಲ್ಲಿ ರಾಣಿಯಾಗಿ ಹೆಸರಾದ ಕ್ಲೇರ್ ಫಾಯ್ ಕೂಡ ‘ಗೋಯಿಂಗ್ ಪೋಸ್ಟಲ್’ನಲ್ಲಿದ್ದಾರೆ. ಈ ಮೂರರಲ್ಲೂ ಪ್ರಾಚೆಟ್ ತಾವೇ ಒಂದು ಗಳಿಗೆ ಮುಖ ತೋರಿಸುತ್ತಾರೆ: ಒಮ್ಮೆ ಆಟಿಕೆ ಮಾಡುವವನಾಗಿ, ಒಮ್ಮೆ ಆಮೆಯನ್ನು ಅಧ್ಯಯನ ಮಾಡುವ ವಿದ್ವಾಂಸನಾಗಿ, ಒಮ್ಮೆ ಅಂಚೆಯವನಾಗಿ.

2021ರಲ್ಲಿ ಬಂದ ‘ದಿ ವಾಚ್’ ಸರಣಿ ಮಾತ್ರ ಓದುಗರ ಮನಸ್ಸು ಗೆಲ್ಲಲಿಲ್ಲ. ನಗರ ಕಾವಲುಪಡೆಯ ಕಾದಂಬರಿಗಳಿಂದ ಪಾತ್ರಗಳ ಹೆಸರು ತೆಗೆದುಕೊಂಡು ಬೇರೆಯೇ ಕಥೆ ಹೆಣೆದಿದ್ದರು. ಪ್ರಾಚೆಟ್ ಅವರ ಮಗಳು, ಸ್ವತಃ ಲೇಖಕಿಯಾದ ರಿಯಾನಾ, ಅದಕ್ಕೂ ತಂದೆಯ ಕೃತಿಗೂ ದೂರ ಬಹಳ ಎಂದು ಬಹಿರಂಗವಾಗಿಯೇ ಹೇಳಿದರು. ಮರುವರ್ಷ ಬಂದ ‘ದಿ ಅಮೇಜಿಂಗ್ ಮಾರಿಸ್’ ಅನಿಮೇಷನ್ ಚಿತ್ರಕ್ಕೆ ಸಿಕ್ಕಿದ ಸ್ವಾಗತವೇ ಬೇರೆ. ಮಾತನಾಡುವ ಬೆಕ್ಕು, ಓದು ಕಲಿತ ಇಲಿಗಳ ಆ ಕಥೆಯ ಮೂಲ ಕಾದಂಬರಿ 2001ರದು. ಪ್ರತಿಷ್ಠಿತ ಕಾರ್ನೆಗಿ ಪದಕ ಪಡೆದದ್ದೂ ಅದೇ.

ಜರ್ಮನಿಯಲ್ಲೊಂದು ವಿಚಿತ್ರ ನಡೆಯಿತು. ಅಲ್ಲಿನ ಪ್ರಕಾಶಕರು ಅನುವಾದದ ನಡುವೆ, ಕಥೆ ಓದುತ್ತಿರುವಾಗಲೇ, ಪಾತ್ರಗಳಿಗೆ ಹಸಿವಾಗಿರಬಹುದು ಎಂಬ ನೆಪ ಹೂಡಿ ಸೂಪಿನ ಜಾಹೀರಾತು ಸೇರಿಸಿದರು! ಮುಂದೆ ಹೀಗೆ ಮಾಡುವುದಿಲ್ಲ ಎಂಬ ಭರವಸೆ ಸಿಗದ್ದರಿಂದ ಪ್ರಾಚೆಟ್ ಪ್ರಕಾಶಕರನ್ನೇ ಬದಲಿಸಿದರು. ಸರಿಯಾದ ಕೆಲಸ.

1995ರ ಡಿಸ್ಕ್‌ವರ್ಲ್ಡ್ ಕಂಪ್ಯೂಟರ್ ಆಟದಲ್ಲಿ ರಿನ್ಸ್‌ವಿಂಡ್ ಎಂಬ ಪುಕ್ಕಲು ಮಾಂತ್ರಿಕನಿಗೆ ದನಿ ಕೊಟ್ಟವರು ಮಾಂಟಿ ಪೈಥಾನ್ ತಂಡದ ಎರಿಕ್ ಐಡಲ್. ‘ಥಡ್’ ಎಂಬ ಮಣೆಯಾಟ 2002ರಲ್ಲಿ ಬಂತು, ಅದೇ ಹೆಸರಿನ ಕಾದಂಬರಿ ಬಂದದ್ದು 2005ರಲ್ಲಿ. ಬ್ರಿಟಿಷ್ ಜಾನಪದ ರಾಕ್ ತಂಡ ಸ್ಟೀಲೈ ಸ್ಪ್ಯಾನ್ 2013ರಲ್ಲಿ ‘ವಿಂಟರ್‌ಸ್ಮಿತ್’ ಕಾದಂಬರಿ ಆಧರಿಸಿ ಇಡೀ ಒಂದು ಆಲ್ಬಮ್ ಮಾಡಿತು. ಈ ಲೋಕದ ಅಜ್ಜಿಯೊಬ್ಬಳ ಅಡುಗೆ ಪುಸ್ತಕವೂ ಉಂಟು, ‘ನ್ಯಾನಿ ಆಗ್ಸ್ ಕುಕ್‌ಬುಕ್’, 1999ರದು.

ಅದೇ 1999ರಲ್ಲಿ ವಾರಿಕ್ ವಿಶ್ವವಿದ್ಯಾಲಯ ಪ್ರಾಚೆಟ್ ಅವರಿಗೆ ಗೌರವ ಪದವಿ ಕೊಟ್ಟಿತು. ಅವರು ಸುಮ್ಮನೆ ಪಡೆದು ಬರಲಿಲ್ಲ. ಗಣಿತಜ್ಞ ಇಯಾನ್ ಸ್ಟೀವರ್ಟ್ ಮತ್ತು ಜೀವವಿಜ್ಞಾನಿ ಜಾಕ್ ಕೊಹೆನ್ ಇಬ್ಬರಿಗೂ ತಮ್ಮ ಕಾಲ್ಪನಿಕ ‘ಅನ್‌ಸೀನ್ ಯೂನಿವರ್ಸಿಟಿ’ಯಿಂದ ಗೌರವ ಮಾಂತ್ರಿಕ ಪದವಿ ಪ್ರದಾನ ಮಾಡಿದರು. ಈ ಮೂವರು ಸೇರಿ ಬರೆದ ‘ದಿ ಸೈನ್ಸ್ ಆಫ್ ಡಿಸ್ಕ್‌ವರ್ಲ್ಡ್’ ನಾಲ್ಕು ಸಂಪುಟಗಳಾಗಿವೆ. ಒಂದು ಅಧ್ಯಾಯ ಕಥೆ, ಮರು ಅಧ್ಯಾಯ ನಿಜವಾದ ವಿಜ್ಞಾನ. ಮಾಂತ್ರಿಕರ ಪಾಲಿಗೆ ನಮ್ಮ ದುಂಡು ಭೂಮಿಯೇ ನಂಬಲಾಗದ ವಿಚಿತ್ರ!

ಅನ್‌ಸೀನ್ ಯೂನಿವರ್ಸಿಟಿಯ ಗ್ರಂಥಪಾಲಕ ಮಂತ್ರವೊಂದರ ಅವಘಡದಿಂದ ಒರಾಂಗುಟಾನ್ ಆದವನು, ಮರಳಿ ಮನುಷ್ಯನಾಗಲು ಒಲ್ಲದವನು. ಎತ್ತರದ ಕಪಾಟಿಗೆ ಕೈ ಸಲೀಸಾಗಿ ನಿಲುಕುತ್ತದಲ್ಲ! ಆ ಪಾತ್ರದ ನಂಟಿನಿಂದ ಪ್ರಾಚೆಟ್ ಒರಾಂಗುಟಾನ್ ಸಂರಕ್ಷಣಾ ಪ್ರತಿಷ್ಠಾನದ ಧರ್ಮದರ್ಶಿಯಾದರು, ಬೋರ್ನಿಯೋ ಕಾಡಿಗೆ ಹೋಗಿ ಸಾಕ್ಷ್ಯಚಿತ್ರವನ್ನೂ ಮಾಡಿದರು.

ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ವಿನ್‌ಕ್ಯಾಂಟನ್ ಎಂಬ ಸಣ್ಣ ಪಟ್ಟಣವಿದೆ. ಅದು 2002ರಲ್ಲಿ ಆಂಖ್-ಮೋರ್ಪೋರ್ಕ್ ಜೊತೆ ಅವಳಿ ಊರಿನ ಒಪ್ಪಂದ ಮಾಡಿಕೊಂಡಿತು. ಭೂಪಟದಲ್ಲೇ ಇಲ್ಲದ ನಗರದ ಜೊತೆ! 2009ರಲ್ಲಿ ಅಲ್ಲಿನ ಹೊಸ ಬಡಾವಣೆಯ ಎರಡು ರಸ್ತೆಗಳಿಗೆ ಕಾದಂಬರಿಯ ‘ಪೀಚ್ ಪೈ ಸ್ಟ್ರೀಟ್’, ‘ಟ್ರೀಕಲ್ ಮೈನ್ ರೋಡ್’ ಹೆಸರಿಟ್ಟರು. 2004ರ ‘ಗೋಯಿಂಗ್ ಪೋಸ್ಟಲ್’ನಲ್ಲಿ ವಂಚಕನೊಬ್ಬ ಮುಳುಗಿದ ಅಂಚೆ ಇಲಾಖೆಯನ್ನು ಎತ್ತಿ ನಿಲ್ಲಿಸಲು ಅಂಚೆಚೀಟಿ ಕಂಡುಹಿಡಿಯುತ್ತಾನೆ. ವಿನ್‌ಕ್ಯಾಂಟನ್ನಿನ ಡಿಸ್ಕ್‌ವರ್ಲ್ಡ್ ಅಂಗಡಿ ಆ ಚೀಟಿಗಳನ್ನು ಅಚ್ಚು ಹಾಕಿಸಿಯೇ ಬಿಟ್ಟಿತು. ಅವನ್ನು ಸಂಗ್ರಹಿಸುವವರು ಇಂದಿಗೂ ಇದ್ದಾರೆ.

2009ರಲ್ಲಿ ‘ಸರ್’ ಪದವಿ ಸಿಕ್ಕಾಗ, ನೈಟ್ ಎಂದಮೇಲೆ ಖಡ್ಗ ಬೇಡವೇ ಎಂದು ಪ್ರಾಚೆಟ್ ಮನೆಯ ಹತ್ತಿರದ ಹೊಲದಲ್ಲಿ ಕಬ್ಬಿಣದ ಅದಿರು ಅಗೆದು, ಕುಲುಮೆ ಹೂಡಿ ಕರಗಿಸಿದರು. ಅದಕ್ಕೆ ಉಲ್ಕಾಶಿಲೆಯ ಕಬ್ಬಿಣವನ್ನೂ ಬೆರೆಸಿದರು. ಕಮ್ಮಾರನ ನೆರವಿನಿಂದ ಖಡ್ಗ ಸಿದ್ಧವಾಯಿತು.

ಆದರೆ ಅದಕ್ಕೂ ಮೊದಲೇ, 2007ರಲ್ಲಿ, ಅಲ್ಝೈಮರ್ ರೋಗದ ಒಂದು ಅಪರೂಪದ ಬಗೆ ಅವರಲ್ಲಿ ಪತ್ತೆಯಾಗಿತ್ತು. ಮಿದುಳಿನ ಹಿಂಭಾಗ ಕುಗ್ಗುತ್ತ, ಕಣ್ಣಿಗೆ ಕಂಡದ್ದು ಮನಸ್ಸಿಗೆ ಗೊತ್ತಾಗದಂತೆ ಮಾಡುವ ರೋಗ. ಟೈಪ್ ಮಾಡುವುದು ಕಷ್ಟವಾಯಿತು. ಮಾತನ್ನು ಅಕ್ಷರಕ್ಕಿಳಿಸುವ ಸಾಫ್ಟ್‌ವೇರ್ ಮತ್ತು ಸಹಾಯಕ ರಾಬ್ ವಿಲ್ಕಿನ್ಸ್ ಅವರ ನೆರವಿನಿಂದ ಹೇಳಿ ಬರೆಸತೊಡಗಿದರು. ಕಾಯಿಲೆಯನ್ನು ಮುಚ್ಚಿಡಲಿಲ್ಲ, ಸಂಶೋಧನೆಗೆ ಹತ್ತು ಲಕ್ಷ ಡಾಲರ್ ಕೊಟ್ಟರು. ಕೊನೆಯ ಕಾದಂಬರಿ ‘ದಿ ಶೆಫರ್ಡ್ಸ್ ಕ್ರೌನ್’ ಅವರು ತೀರಿಕೊಂಡ ನಂತರ, ಅದೇ ವರ್ಷ ಆಗಸ್ಟಿನಲ್ಲಿ ಬಂತು.

‘ಗೋಯಿಂಗ್ ಪೋಸ್ಟಲ್’ನಲ್ಲಿ ‘ಕ್ಲ್ಯಾಕ್ಸ್’ ಎಂಬ ಸಂದೇಶ ಗೋಪುರಗಳ ಜಾಲವಿದೆ. ಕೆಲಸದಲ್ಲಿ ಸತ್ತ ನೌಕರನ ಹೆಸರನ್ನು ಅಲ್ಲಿ ‘ಜಿಎನ್‌ಯು’ ಎಂಬ ಸಂಕೇತದೊಂದಿಗೆ ಕಳಿಸುತ್ತಾರೆ. ಮುಂದಕ್ಕೆ ದಾಟಿಸು, ದಾಖಲೆಯಲ್ಲಿ ಬರೆಯಬೇಡ, ಸಾಲಿನ ಕೊನೆ ಮುಟ್ಟಿದಾಗ ಹಿಂದಿರುಗಿಸು ಎಂದು ಮೂರು ಅಕ್ಷರಗಳ ಆದೇಶ. ಹೀಗೆ ಆ ಹೆಸರು ಗೋಪುರದಿಂದ ಗೋಪುರಕ್ಕೆ ಸುತ್ತುತ್ತಲೇ ಇರುತ್ತದೆ. ಪ್ರಾಚೆಟ್ ಹೋದ ಮೇಲೆ ಓದುಗ ಎಂಜಿನಿಯರುಗಳು ತಾವು ನೋಡಿಕೊಳ್ಳುವ ಜಾಲತಾಣಗಳ ಸರ್ವರಿಗೆ ಒಂದು ಸಾಲು ಸೇರಿಸಿದರು. ಪುಟ ತೆರೆದವರ ಕಣ್ಣಿಗೆ ಅದು ಬೀಳುವುದಿಲ್ಲ. ಆದರೆ ಸರ್ವರ್ ಕಳಿಸುವ ಹೆಡರ್‌ನಲ್ಲಿ ‘ಜಿಎನ್‌ಯು ಟೆರಿ ಪ್ರಾಚೆಟ್’ ಎಂದಿರುತ್ತದೆ. ಯಾರೂ ಹೇಳಿಕೊಡದೆ, ಯಾರ ಅಪ್ಪಣೆಯೂ ಇಲ್ಲದೆ ಓದುಗರೇ ಸಲ್ಲಿಸಿದ ಇಂಥ ಶ್ರದ್ಧಾಂಜಲಿ ಮತ್ತೊಬ್ಬ ಲೇಖಕನಿಗೆ ಸಂದದ್ದು ನಾನು ಕಂಡಿಲ್ಲ.

ತನ್ನ ಅಪೂರ್ಣ ಬರಹಗಳನ್ನು ಯಾರೂ ಮುಗಿಸಕೂಡದು, ಅವಿರುವ ಹಾರ್ಡ್‌ಡಿಸ್ಕನ್ನು ರೋಡ್‌ರೋಲರ್ ಹತ್ತಿಸಿ ಪುಡಿಮಾಡಬೇಕು ಎಂಬುದು ಅವರ ಇಚ್ಛೆಯಾಗಿತ್ತು. 2017ರ ಆಗಸ್ಟ್ 25ರಂದು, ಡಾರ್ಸೆಟ್‌ನ ಉಗಿಯಂತ್ರಗಳ ಜಾತ್ರೆಯಲ್ಲಿ, ‘ಲಾರ್ಡ್ ಜೆರಿಕೊ’ ಎಂಬ ಹಳೆಯ ಉಗಿ ರೋಲರ್ ಅದರ ಮೇಲೆ ಹಲವು ಸಲ ಉರುಳಿತು. ಹಾರ್ಡ್‌ಡಿಸ್ಕ್ ಜಗ್ಗಲಿಲ್ಲ! ಕೊನೆಗೆ ಕಲ್ಲು ಪುಡಿಮಾಡುವ ಯಂತ್ರಕ್ಕೆ ಹಾಕಬೇಕಾಯಿತು. ಉಳಿದ ಚೂರುಗಳು ಸಾಲ್ಸ್‌ಬರಿ ಮ್ಯೂಸಿಯಂನ ಪ್ರದರ್ಶನಕ್ಕೆ ಹೋದವು. ಮಗಳು ರಿಯಾನಾ ಹೊಸ ಡಿಸ್ಕ್‌ವರ್ಲ್ಡ್ ಕಾದಂಬರಿ ತಾನೂ ಬರೆಯುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲ ಎಂದಿದ್ದಾರೆ. ಓದುಗರಲ್ಲೊಬ್ಬಳಾಗಿ ನನಗೆ ಇದು ನೋವಿನ ಸಂಗತಿ. ಆದರೂ ಅಪ್ಪ ಮಗಳಿಬ್ಬರ ನಿರ್ಧಾರವೂ ಸರಿ ಎಂದೇ ನಂಬುತ್ತೇನೆ.

2023ರಲ್ಲಿ ಒಂದು ಅನಿರೀಕ್ಷಿತ ಉಡುಗೊರೆ ಸಿಕ್ಕಿತು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಪ್ರಾಚೆಟ್ ‘ಪ್ಯಾಟ್ರಿಕ್ ಕರ್ನ್ಸ್’ ಎಂಬ ಕಾವ್ಯನಾಮದಲ್ಲಿ ಪತ್ರಿಕೆಗೆ ಬರೆದು ಮರೆತಿದ್ದ ಕಥೆಗಳನ್ನು ಅಭಿಮಾನಿಗಳು ಹಳೆಯ ಸಂಚಿಕೆಗಳಲ್ಲಿ ಹುಡುಕಿ ತೆಗೆದರು. ‘ಎ ಸ್ಟ್ರೋಕ್ ಆಫ್ ದಿ ಪೆನ್’ ಸಂಕಲನದಲ್ಲಿ ಇಪ್ಪತ್ತು ಕಥೆಗಳಿವೆ.

ಓದುವುದಕ್ಕಿಂತ ಕೇಳುವುದು ಇಷ್ಟವೇ? 2022ರಿಂದ ಪೆಂಗ್ವಿನ್ ಹೊಸದಾಗಿ ಆಡಿಯೊ ಪುಸ್ತಕಗಳ ಸರಣಿ ತಂದಿದೆ. ಕಥೆ ಓದುವವರು ಬೇರೆ ಬೇರೆ, ಆದರೆ ಸಾವಿನ ದನಿ ಎಲ್ಲ ಕಡೆ ಪೀಟರ್ ಸೆರಾಫಿನೊವಿಚ್ ಅವರದೇ. ಅಡಿಟಿಪ್ಪಣಿಗಳನ್ನು ಮಾತ್ರ ಓದಲೆಂದೇ ಬಿಲ್ ನೈಯಿ ಇದ್ದಾರೆ. ಪ್ರಾಚೆಟ್ ಅವರ ಅಡಿಟಿಪ್ಪಣಿಗಳಿಗೆ ಅಷ್ಟು ಬೆಲೆ!

ಹೊಸದಾಗಿ ಹಿಡಿಯುವವರು 1983ರ ಮೊದಲ ಪುಸ್ತಕದಿಂದ ಶುರುಮಾಡಬೇಕಿಲ್ಲ, ಅದರಲ್ಲಿ ಲೇಖಕರು ಇನ್ನೂ ದಾರಿ ಹುಡುಕುತ್ತಿದ್ದಾರೆ. ಸಾವಿನ ಶಿಷ್ಯನಾಗುವ ಹುಡುಗನ ‘ಮಾರ್ಟ್’ ಅಥವಾ ಕಾವಲುಪಡೆಯ ಮೊದಲ ಕಥೆ ‘ಗಾರ್ಡ್ಸ್! ಗಾರ್ಡ್ಸ್!’ ತೆಗೆದುಕೊಳ್ಳಿ. ಮನೆಯಲ್ಲಿ ಹತ್ತು ಹನ್ನೆರಡರ ಮಕ್ಕಳಿದ್ದರೆ ‘ದಿ ವೀ ಫ್ರೀ ಮೆನ್’. ಬಾಣಲೆಯನ್ನೇ ಆಯುಧ ಮಾಡಿಕೊಂಡು ತಮ್ಮನನ್ನು ಬಿಡಿಸಿ ತರಲು ಹೊರಟ ಒಂಬತ್ತು ವರ್ಷದ ಟಿಫನಿ ಅದರಲ್ಲಿದ್ದಾಳೆ.