ಚೆಂಡನ್ನು ನೋಡಬೇಡಿ, ಆಟ ಅಲ್ಲಿಲ್ಲ!

ಮೊದಲು ಒಂದು ಪುಟ್ಟ ಪ್ರಶ್ನೆ. ಅಮೆರಿಕನ್ ಫುಟ್‌ಬಾಲ್ ಪಂದ್ಯ ಟಿವಿಯಲ್ಲಿ ಮೂರು ಗಂಟೆಗೂ ಮಿಕ್ಕಿ ಓಡುತ್ತದೆ. ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಹೆಗಲಿಗೆ ದಪ್ಪ ಪ್ಯಾಡು, ಆ ಆಟ. ಮೂರು ಗಂಟೆಯಲ್ಲಿ ಚೆಂಡು ನಿಜಕ್ಕೂ ಆಟದಲ್ಲಿರುವುದು ಎಷ್ಟು ಹೊತ್ತು?

ಊಹಿಸಿ ನೋಡೋಣ. ಎರಡು ಗಂಟೆ? ಅಲ್ಲ. ಒಂದು ಗಂಟೆ? ಅಲ್ಲ! ಅರ್ಧ ಗಂಟೆ? ಇನ್ನೂ ಕೆಳಗಿಳಿಯಿರಿ!

ಸುಮಾರು 11 ನಿಮಿಷ!

ತಮಾಷೆಯಲ್ಲ. 2010ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಪಂದ್ಯಗಳನ್ನು ಗಡಿಯಾರ ಹಿಡಿದು ಅಳೆದು ಕೊಟ್ಟ ಲೆಕ್ಕ ಇದು. ಕಾಲೇಜು ಪಂದ್ಯಗಳ ಲಯವೂ ಹೀಗೆಯೇ. ಐದಾರು ಸೆಕೆಂಡು ಮಿಂಚು, ಆಮೇಲೆ ಬಿಡುವು. ಮತ್ತೆ ಮಿಂಚು, ಮತ್ತೆ ಬಿಡುವು.

ಇದಕ್ಕಾ ಅಮೆರಿಕದವರು ಶನಿವಾರವಿಡೀ ಟಿವಿ ಮುಂದೆ ಕೂರುವುದು ಎನ್ನುತ್ತೀರಾ? ತಾಳಿ. ಆ ಐದಾರು ಸೆಕೆಂಡುಗಳ ಹೊಟ್ಟೆಯೊಳಗೆ ಏನೇನಿದೆ ಎಂದು ಬಗೆದು ತೋರಿಸುವ ಕಾರ್ಯಕ್ರಮಗಳಿವೆ. ಒಮ್ಮೆ ಅವನ್ನು ನೋಡಿದರೆ ಮುಗಿಯಿತು, ನೀವು ಮತ್ತೆ ಚೆಂಡಿನ ಕಡೆ ತಿರುಗುವುದಿಲ್ಲ!

ಮೈದಾನದಲ್ಲಿ ಒಟ್ಟು 22 ಮಂದಿ. ಚೆಂಡು ಒಬ್ಬನ ಕೈಯಲ್ಲಿ. ಟಿವಿ ಕ್ಯಾಮೆರಾ ಅವನ ಬೆನ್ನು ಹತ್ತುತ್ತದೆ. ಉಳಿದ 21 ಮಂದಿ ಏನು ಮಾಡುತ್ತಿದ್ದಾರೆ? ಹಿಂದೆ ದೂರದಲ್ಲಿ ಕಾವಲು ನಿಂತ ಸೇಫ್ಟಿಗಳಂತೂ ಎಷ್ಟೋ ಸಲ ಪರದೆಯೊಳಗೇ ಇರುವುದಿಲ್ಲ!

ಆದರೆ ಕೋಚ್‌ಗಳು ನೋಡುವ ಚಿತ್ರವೇ ಬೇರೆ. ಗ್ಯಾಲರಿಯ ತುತ್ತತುದಿಯಿಂದ ಹಿಡಿದದ್ದು. 22 ಮಂದಿಯೂ ಒಂದೇ ಚೌಕಟ್ಟಿನಲ್ಲಿ. ಹೆಸರೇ 'ಆಲ್ 22'. ಅದರಲ್ಲಿ ಮುಖ ಕಾಣಿಸುವುದಿಲ್ಲ, ಬೆವರು ಕಾಣಿಸುವುದಿಲ್ಲ. ಕಾಣಿಸುವುದು ಬರೀ ಸಂಚು!

ಈಗ ನಿಮ್ಮನ್ನು ಒಂದು ರಾತ್ರಿಗೆ ಕರೆದೊಯ್ಯುತ್ತೇನೆ. 2014ರ ಜನವರಿ 6. ಕ್ಯಾಲಿಫೋರ್ನಿಯಾದ ಪಸಡೀನಾ, ರೋಸ್ ಬೌಲ್ ಮೈದಾನ. ಕಾಲೇಜು ಫುಟ್‌ಬಾಲ್‌ನ ರಾಷ್ಟ್ರೀಯ ಫೈನಲ್. ಫ್ಲೋರಿಡಾ ಸ್ಟೇಟ್ ಒಂದು ಕಡೆ, ಆಬರ್ನ್ ಇನ್ನೊಂದು ಕಡೆ. ಕ್ರೀಡಾ ಟಿವಿ ಸಂಸ್ಥೆ ಇಎಸ್‌ಪಿಎನ್ ಅಂದು ಒಂದು ಹುಚ್ಚು ಪ್ರಯೋಗಕ್ಕೆ ಕೈಹಾಕಿತು. ಒಂದೇ ಪಂದ್ಯ, ಹಲವು ಚಾನೆಲ್, ಒಂದೊಂದರಲ್ಲಿ ಒಂದೊಂದು ಬಗೆ!

ಅದರಲ್ಲಿ ಒಂದರ ಹೆಸರು 'ಫಿಲ್ಮ್ ರೂಮ್'. ಅಬ್ಬರದ ಕಾಮೆಂಟರಿ ಇಲ್ಲ. ಒಂದು ಕೋಣೆ, ದೊಡ್ಡ ಪರದೆ, ಅದರ ಮುಂದೆ ಹಳೆಯ ಆಟಗಾರರು, ಪರಿಣತರು, ಜೊತೆಗೆ ಮೂವರು ಹಾಲಿ ಕೋಚ್‌ಗಳು. ಟೆಕ್ಸಸ್ ಎ ಅಂಡ್ ಎಂನ ಕೆವಿನ್ ಸಮ್ಲಿನ್, ಬಾಸ್ಟನ್ ಕಾಲೇಜಿನ ಸ್ಟೀವ್ ಅಡ್ಡಾಜಿಯೊ, ಪಿಟ್ಸ್‌ಬರ್ಗ್‌ನ ಪಾಲ್ ಕ್ರಿಸ್ಟ್. ಪಂದ್ಯ ನಡೆಯುತ್ತಿರುವಾಗಲೇ ಒಂದೊಂದು ಪ್ಲೇಯನ್ನೂ, ಅಂದರೆ ಐದಾರು ಸೆಕೆಂಡಿನ ಒಂದೊಂದು ಮಿಂಚನ್ನೂ, ಹಿಂದಕ್ಕೆ ಓಡಿಸಿ, ನಿಲ್ಲಿಸಿ, ಬಿಡಿಸಿ ಹೇಳುವುದು ಅವರ ಕೆಲಸ.

ಈ ಮೂವರಲ್ಲಿ ಒಂದು ಸಾಮ್ಯ ಇತ್ತು. ಏನಿರಬಹುದು? ಒಂದೇ ಊರಿನವರೇ? ಒಬ್ಬನೇ ಗುರುವಿನ ಶಿಷ್ಯರೇ? ಅಲ್ಲವೇ ಅಲ್ಲ.

ಮೂವರೂ ಅದೇ ಋತುವಿನಲ್ಲಿ ಈ ಎರಡು ತಂಡಗಳಲ್ಲಿ ಒಂದರ ಕೈಯಲ್ಲಿ ಸೋತವರು! ಸಮ್ಲಿನ್ ತಂಡ ಆಬರ್ನ್‌ಗೆ 41–45ರಿಂದ ಸೋತಿತ್ತು. ಅಡ್ಡಾಜಿಯೊ ಫ್ಲೋರಿಡಾ ಸ್ಟೇಟ್‌ಗೆ 34–48. ಕ್ರಿಸ್ಟ್ ಕಥೆಯಂತೂ ಕೇಳಲೇಬೇಡಿ. ಫ್ಲೋರಿಡಾ ಸ್ಟೇಟ್‌ನ ಹೊಸ ಹುಡುಗ ಜೇಮಿಸ್ ವಿನ್‌ಸ್ಟನ್ ತನ್ನ ಮೊಟ್ಟಮೊದಲ ಕಾಲೇಜು ಪಂದ್ಯದಲ್ಲಿ ಇವರ ಎದುರು 27 ಸಲ ಚೆಂಡು ಎಸೆದ. ಗುರಿ ಮುಟ್ಟಿದ್ದು ಎಷ್ಟು ಹೇಳಿ? 25!

ಇನ್ನಾರು ಬೇಕು ವಿವರಿಸಲು? ಪೆಟ್ಟು ತಿಂದವನಿಗಿಂತ ಚೆನ್ನಾಗಿ ಪೆಟ್ಟಿನ ಬಗ್ಗೆ ಹೇಳಬಲ್ಲವರು ಯಾರು!

ಇದಕ್ಕಿಂತಲೂ ದೊಡ್ಡ ಬೆರಗು ಒಂದಿದೆ. ಮನೆಯಲ್ಲಿ ಸೋಫಾ ಮೇಲೆ ಕುಳಿತವರು ಅಂದು ಪ್ರತಿ ಪ್ಲೇಯ ಮರುಪ್ರಸಾರವನ್ನು ಕೋಚ್‌ಗಳ ಪಾಠದ ಸಮೇತ ನೋಡಿದರು. ಆದರೆ ಮೈದಾನದ ಅಂಚಿನಲ್ಲಿ ನಿಂತು ನಿಜವಾಗಿ ತಂಡ ನಡೆಸುತ್ತಿದ್ದ ಕೋಚ್‌ಗೆ? ವಿಡಿಯೊ ನೋಡುವುದೇ ನಿಯಮಕ್ಕೆ ವಿರುದ್ಧ! ಪಂದ್ಯದ ನಡುವೆ ಟ್ಯಾಬ್ಲೆಟ್‌ನಲ್ಲಿ ವಿಡಿಯೊ ನೋಡಲು ಕಾಲೇಜು ತಂಡಗಳಿಗೆ ಅನುಮತಿ ಸಿಕ್ಕಿದ್ದು 2024ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ ವೀಕ್ಷಕನಿಗೆ ಸಿಕ್ಕ ಸೌಲಭ್ಯ ಕೋಚ್‌ಗೆ ಸಿಕ್ಕಿರಲಿಲ್ಲ. ಎಂಥ ವಿಚಿತ್ರ!

ಅಂದಿನ ಪಂದ್ಯವೂ ಅಂಥದ್ದೇ. ಆಬರ್ನ್ 21–3ರಿಂದ ಮುಂದೆ. ಫ್ಲೋರಿಡಾ ಸ್ಟೇಟ್‌ಗೆ ನಾಲ್ಕನೇ ಯತ್ನ. ಈ ಆಟದಲ್ಲಿ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಆಗದೆಂದು ತೋರಿದರೆ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಕೈತೊಳೆದುಕೊಳ್ಳುವುದು ವಾಡಿಕೆ. ಒದೆಯಲು ಸಜ್ಜಾಗಿ ನಿಂತರು. ಒದೆಯಲಿಲ್ಲ! ಓಡಿಯೇಬಿಟ್ಟರು! ಅಲ್ಲಿಂದ ಪಂದ್ಯ ಮಗ್ಗುಲು ಬದಲಿಸಿತು. ಇನ್ನು 13 ಸೆಕೆಂಡು ಉಳಿದಿರುವಾಗ ವಿನ್‌ಸ್ಟನ್ ಎಸೆದ ಚೆಂಡು ಕೆಲ್ವಿನ್ ಬೆಂಜಮಿನ್ ಕೈಸೇರಿತು. 34–31!

ಅಂದಹಾಗೆ, ಸೋತ ಆಬರ್ನ್ ತಂಡ ಆ ಫೈನಲ್‌ಗೆ ಬಂದದ್ದಾದರೂ ಹೇಗೆ? ಬರೀ 37 ದಿನ ಹಿಂದಕ್ಕೆ ಹೋಗಿ. 2013ರ ನವೆಂಬರ್ 30. ಎದುರಿಗೆ ದೇಶದ ನಂಬರ್ 1 ಅಲಬಾಮಾ. 28–28 ಸಮ. ಗಡಿಯಾರದಲ್ಲಿ ಉಳಿದದ್ದು ಒಂದು ಸೆಕೆಂಡು. ಒಂದೇ ಒಂದು! ಅಲಬಾಮಾ 57 ಗಜ ದೂರದಿಂದ ಗೋಲಿಗೆ ಒದೆಯಿತು. ಚೆಂಡು ತುಸುವೇ ಮೊದಲು ಇಳಿಯಿತು. ಗೋಲಿನ ಕೆಳಗೆ ಕಾದಿದ್ದ ಆಬರ್ನ್‌ನ ಕ್ರಿಸ್ ಡೇವಿಸ್ ಅದನ್ನು ಹಿಡಿದ. ಓಡಿದ. ಓಡಿದ! ಮೈದಾನದ ಈ ತುದಿಯಿಂದ ಆ ತುದಿಗೆ ಹತ್ತಿರ ಹತ್ತಿರ 109 ಗಜ. ಮೀಟರಿನಲ್ಲಿ ಹೇಳಲೇ? ನೂರು!

ಅವನನ್ನು ಯಾರೂ ಹಿಡಿಯಲಿಲ್ಲವೇಕೆ? ಟಿವಿಯಲ್ಲಿ ಕಂಡದ್ದು ಡೇವಿಸ್‌ನ ವೇಗ. ಚಿತ್ರವನ್ನು ನಿಲ್ಲಿಸಿ ಅಲಬಾಮಾ ಆಟಗಾರರ ಮೈಕಟ್ಟು ನೋಡಿ. ಆನೆಮರಿಗಳು! ಒದೆಯುವವನಿಗೆ ರಕ್ಷಣೆಯ ಗೋಡೆ ಕಟ್ಟಲು ಆರಿಸಿದ ಭಾರಿ ಆಳುಗಳು. ಎದುರಾಳಿಯನ್ನು ತಡೆಯುವುದು ಅವರ ಕಸುಬು, ಅಟ್ಟಿಸಿಕೊಂಡು ಹೋಗುವುದಲ್ಲ. ಒದೆಯುವ ಮೊದಲೇ ಆ ಓಟದ ಹಣೆಬರಹ ಅರ್ಧ ಬರೆದಾಗಿತ್ತು!

ಈಗ ಇನ್ನೊಂದು ಒಗಟು. ಎದುರು ತಂಡದಲ್ಲಿ ಒಬ್ಬ ಭೀಕರ ಆಟಗಾರನಿದ್ದಾನೆ. ಸಾಲಿನ ಅಂಚಿನಿಂದ ನುಗ್ಗಿ ಬಂದು ನಿಮ್ಮವರನ್ನು ಕೆಡವುತ್ತಾನೆ. ತಡೆಯುವುದು ಹೇಗೆ? ಇಬ್ಬರನ್ನು ಬಿಡುತ್ತೀರಾ? ಮೂವರನ್ನು?

ಯಾರನ್ನೂ ಬಿಡಬೇಡಿ! ಅವನನ್ನು ಮುಟ್ಟಲೇಬೇಡಿ!

ಇದಕ್ಕೆ 'ಜೋನ್ ರೀಡ್' ಎಂದು ಹೆಸರು. ದಾಳಿಯನ್ನು ಮುನ್ನಡೆಸುವ ಆಟಗಾರ ಕ್ವಾರ್ಟರ್‌ಬ್ಯಾಕ್. ಅವನು ಚೆಂಡನ್ನು ಪಕ್ಕದ ಓಟಗಾರನ ಹೊಟ್ಟೆಯ ಹತ್ತಿರ ಒಡ್ಡುತ್ತಾನೆ. ಕಣ್ಣು ಮಾತ್ರ ಆ ಭೀಕರನ ಮೇಲೆ. ಅವನು ಓಟಗಾರನ ಮೇಲೆ ಬಿದ್ದನೋ, ಚೆಂಡನ್ನು ಹಿಂದಕ್ಕೆಳೆದುಕೊಂಡು ಕ್ವಾರ್ಟರ್‌ಬ್ಯಾಕ್ ತಾನೇ ಓಡುತ್ತಾನೆ. ಅವನು ನಿಂತಲ್ಲೇ ನಿಂತನೋ, ಚೆಂಡು ಓಟಗಾರನಿಗೆ. ಏನು ಮಾಡಿದರೂ ತಪ್ಪು! ಪಾಪ, ಮೈದಾನದ ಅತ್ಯಂತ ಬಲಶಾಲಿ ಒಂದು ಬೆರಳೂ ಸೋಕದೆ ಸೋಲುತ್ತಾನೆ.

ಇದು ಹುಟ್ಟಿದ್ದು ಯಾವ ದೊಡ್ಡ ವಿಶ್ವವಿದ್ಯಾಲಯದಲ್ಲಿ? ದೊಡ್ಡದೂ ಅಲ್ಲ, ಯೋಚಿಸಿ ಮಾಡಿದ್ದೂ ಅಲ್ಲ! ವೆಸ್ಟ್ ವರ್ಜೀನಿಯಾದ ಪುಟ್ಟ ಗ್ಲೆನ್‌ವಿಲ್ ಸ್ಟೇಟ್ ಕಾಲೇಜು. 1990ರ ದಶಕದ ಆರಂಭ. ಅಭ್ಯಾಸದಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡು ಕೊಡುವಾಗ ಎಡವಟ್ಟಾಯಿತು. ಅಂಚಿನ ಆಟಗಾರ ಒಳನುಗ್ಗಿದ್ದನ್ನು ಕಂಡವನೇ ಹುಡುಗ ಚೆಂಡನ್ನು ಇಟ್ಟುಕೊಂಡು ಓಡಿದ. ಕೋಚ್ ರಿಚ್ ರೊಡ್ರಿಗೆಜ್ ಬೈಯಲಿಲ್ಲ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದರು. ಆ ಒಂದು ಉತ್ತರ ದೇಶದ ಆಟವನ್ನೇ ಬದಲಾಯಿಸಿತು!

ಇಂಥ ಸಂಚುಗಳನ್ನು ವಿವರಿಸುವಾಗ ಪರದೆಯ ಮೇಲೆ ಬಣ್ಣದ ಗೆರೆ, ಬಾಣ, ಸುತ್ತು ಮೂಡುತ್ತವಲ್ಲ? ಅದನ್ನು ಬರೆಯುವ ಯಂತ್ರ ಟೆಲಿಸ್ಟ್ರೇಟರ್. 1982ರ ಸೂಪರ್ ಬೌಲ್‌ನಲ್ಲಿ, ಅಂದರೆ ಎನ್‌ಎಫ್‌ಎಲ್ ಫೈನಲ್‌ನಲ್ಲಿ, ಸಿಬಿಎಸ್ ಚಾನೆಲ್‌ನ ಕಾಮೆಂಟೇಟರ್ ಜಾನ್ ಮ್ಯಾಡನ್ ಅದರಲ್ಲಿ ಗೀಚಿ ಗೀಚಿ ಮನೆಮಾತಾದರು. ಕಂಡುಹಿಡಿದವರು? ಕ್ರೀಡಾಪಟುವಲ್ಲ, ಟಿವಿ ಕಂಪನಿಯ ಎಂಜಿನಿಯರೂ ಅಲ್ಲ. ಲಿಯೊನಾರ್ಡ್ ರೈಫೆಲ್ ಎಂಬ ಭೌತವಿಜ್ಞಾನಿ. ಅದೇ ಮನುಷ್ಯ 1958ರಲ್ಲಿ ಅಮೆರಿಕದ ವಾಯುಪಡೆಗಾಗಿ ಒಂದು ಗುಟ್ಟಿನ ಅಧ್ಯಯನ ನಡೆಸಿದ್ದರು. ಏನಿತ್ತು ಅದರಲ್ಲಿ?

ಉಸಿರು ಬಿಗಿಹಿಡಿಯಿರಿ. ಚಂದ್ರನ ಮೇಲೆ ಅಣುಬಾಂಬ್ ಸಿಡಿಸುವುದು!

ಹೌದು, ನಮ್ಮ ಚಂದಮಾಮನ ಮೇಲೆ! ಭೂಮಿಯಿಂದ ಕಾಣುವ ಹಾಗೆ! ಆ ತಂಡದಲ್ಲಿ ಲೆಕ್ಕ ಹಾಕುತ್ತಿದ್ದ ಒಬ್ಬ ತರುಣನ ಹೆಸರು ಕಾರ್ಲ್ ಸೇಗನ್, ಮುಂದೆ ಹೆಸರಾಂತ ಖಗೋಳವಿಜ್ಞಾನಿಯಾದವರು. ಪುಣ್ಯಕ್ಕೆ ಯೋಜನೆ ಕೈಬಿಟ್ಟುಹೋಯಿತು. ರೈಫೆಲ್ ಬಾಯಿಬಿಟ್ಟದ್ದು 2000ದಲ್ಲಿ. ಚಂದ್ರ ಉಳಿದ, ನಮಗೆ ಗೆರೆ ಎಳೆಯುವ ಯಂತ್ರವೂ ಸಿಕ್ಕಿತು!

ಗೆರೆ ಎಳೆದು ನೋಡಲೇಬೇಕಾದ ಪ್ಲೇ ಒಂದೇ ಎಂದರೆ ನಾನು ಆರಿಸುವುದು ಇದನ್ನು. 2007ರ ಜನವರಿ 1, ಅರಿಜೋನಾದ ಗ್ಲೆಂಡೇಲ್‌ನಲ್ಲಿ ಫಿಯೆಸ್ಟಾ ಬೌಲ್ ಎಂಬ ಕಾಲೇಜು ಪಂದ್ಯ. ಇಡಾಹೊ ರಾಜ್ಯದ ಬಾಯ್ಸಿ ಸ್ಟೇಟ್‌ನ ಎದುರು ಘಟಾನುಘಟಿ ಒಕ್ಲಹೋಮ. ಹೆಚ್ಚುವರಿ ಆಟದಲ್ಲಿ ಬಾಯ್ಸಿ ಒಂದು ಅಂಕ ಹಿಂದೆ. ಒಂದಂಕದ ಸುಲಭ ಒದೆತದಿಂದ ಸಮ ಮಾಡಿಕೊಳ್ಳಬಹುದಿತ್ತು. ಬೇಡ ಎಂದರು ಕೋಚ್ ಕ್ರಿಸ್ ಪೀಟರ್ಸನ್. ಎರಡಂಕದ ಜೂಜು! ಗೆದ್ದರೆ ಪಂದ್ಯ, ಸೋತರೆ ಮನೆ.

ಕ್ವಾರ್ಟರ್‌ಬ್ಯಾಕ್ ಜಾರೆಡ್ ಜಬ್ರಾನ್‌ಸ್ಕಿ ಬಲಕ್ಕೆ ತಿರುಗಿ ಬಲಗೈ ಬೀಸಿದ. ಅಲ್ಲಿ ಅವನ ತಂಡದ ಮೂವರು ಚೆಂಡಿಗಾಗಿ ಕಾದಿದ್ದರು. ಒಕ್ಲಹೋಮದವರ ಕಣ್ಣೆಲ್ಲ ಅತ್ತಲೇ.

ಆ ಕೈಯಲ್ಲಿ ಏನಿತ್ತು? ಏನೂ ಇರಲಿಲ್ಲ! ಬರಿಗೈ!

ಚೆಂಡು ಎಡಗೈಯಲ್ಲಿ, ಬೆನ್ನ ಹಿಂದೆ. ಇಯಾನ್ ಜಾನ್ಸನ್ ಅದನ್ನು ಇಸಿದುಕೊಂಡು ಎಡಕ್ಕೆ ಓಡಿ ಗೆರೆ ದಾಟಿದ. 43–42! ಎದುರಾಳಿಗಳಿಗೆ ಚಳ್ಳೆಹಣ್ಣು ತಿನ್ನಿಸುವುದೆಂದರೆ ಇದು! ಸಂಭ್ರಮದ ನಡುವೆಯೇ ಜಾನ್ಸನ್ ಟಿವಿ ಕ್ಯಾಮೆರಾದ ಮುಂದೆ ಮಂಡಿಯೂರಿ ತನ್ನ ಗೆಳತಿಯನ್ನು ಮದುವೆಯಾಗುತ್ತೀಯಾ ಎಂದು ಕೇಳಿದ. ಅವಳು ಒಪ್ಪಿದಳು!

ಎಲ್ಲ ಕಾರ್ಯಕ್ರಮವೂ ಹೀಗೆ ತಂತ್ರ ಬಿಡಿಸುತ್ತದೆಯೇ? ಇಲ್ಲ. ಎಲ್ಲಕ್ಕಿಂತ ಹೆಸರಾದ 'ಕಾಲೇಜ್ ಗೇಮ್‌ಡೇ' 1987ರಿಂದ ನಡೆಯುತ್ತಿದೆ. ಅದರಲ್ಲಿ ಜಾತ್ರೆಯೇ ಹೆಚ್ಚು. ಅಲ್ಲಿನ ಲೀ ಕೋರ್ಸೊ 1996ರಿಂದ 2025ರವರೆಗೆ, ತಾವು ಗೆಲ್ಲುತ್ತದೆಂದ ತಂಡದ ಬೊಂಬೆತಲೆ ಧರಿಸಿ ಕುಣಿದರು. ಚೆಂದವೇ. ಆದರೂ ನನ್ನನ್ನು ಕೇಳಿದರೆ ಗಂಟೆಗಟ್ಟಲೆ ಭವಿಷ್ಯ ಹೇಳುವುದಕ್ಕಿಂತ ಐದು ಸೆಕೆಂಡಿನ ಭೂತಕಾಲವನ್ನು ಬಿಡಿಸಿಡುವುದೇ ಹೆಚ್ಚು ರೋಚಕ!

ನೀವೂ ಈಗಲೇ ಶುರುಮಾಡಬಹುದು. ಚೆಂಡು ಮರೆತುಬಿಡಿ. ಅದನ್ನು ಕಾಲ್ಸಂದಿಯಿಂದ ಹಿಂದಕ್ಕೆ ಕೊಡುವವನ ಎರಡು ಪಕ್ಕದಲ್ಲಿರುವ ದಢೂತಿ ಗಾರ್ಡ್‌ಗಳ ಹೆಲ್ಮೆಟ್ ನೋಡಿ. ಆಟ ಶುರುವಾದೊಡನೆ ಹೆಲ್ಮೆಟ್ ತಗ್ಗಿ ಮುಂದೆ ನುಗ್ಗಿತೇ? ಓಟ. ಮೇಲೆದ್ದು ಹಿಂದೆ ಸರಿಯಿತೇ? ಎಸೆತ! ರಕ್ಷಣೆಯ ಲೈನ್‌ಬ್ಯಾಕರ್‌ಗಳು ಓದುವ ಗುಟ್ಟೂ ಇದೇ.

ಇದನ್ನೂ ಹುಸಿಮಾಡುವ ಆಟವಿದೆ ಮತ್ತೆ! ಆರ್‌ಪಿಒ (ರನ್-ಪಾಸ್ ಆಪ್ಷನ್) ಎಂಬುದರಲ್ಲಿ ಗಾರ್ಡ್‌ಗಳು ಓಟಕ್ಕೆಂದೇ ನುಗ್ಗುತ್ತಾರೆ, ಕ್ವಾರ್ಟರ್‌ಬ್ಯಾಕ್ ತಣ್ಣಗೆ ಎಸೆದುಬಿಡುತ್ತಾನೆ. ಎಸೆತದ ವೇಳೆ ಆ ದಢೂತಿಗಳು ಮುಂದಕ್ಕೆ ಹೋಗಲು ಎನ್‌ಎಫ್‌ಎಲ್‌ನಲ್ಲಿ ಒಂದೇ ಗಜ, ಕಾಲೇಜಿನಲ್ಲಿ ಮೂರು ಗಜ ಅವಕಾಶ. ಆ ಎರಡು ಗಜದ ಸಡಿಲಿನಲ್ಲೇ ಈ ಮೋಸ ಕಾಲೇಜು ಮೈದಾನಗಳಲ್ಲಿ ಹುಲುಸಾಗಿ ಬೆಳೆದದ್ದು.

ಋತು ಆಗಸ್ಟ್ ಕೊನೆಗೆ ಶುರುವಾಗಿ ಜನವರಿವರೆಗೆ ನಡೆಯುತ್ತದೆ. ಅವರ ಶನಿವಾರ ಮಧ್ಯಾಹ್ನ ನಮಗೆ ಶನಿವಾರ ರಾತ್ರಿ. ಮುಂದಿನ ಸಲ ಒಂದು ಪಂದ್ಯ ಸಿಕ್ಕಿದರೆ ಹತ್ತು ಪ್ಲೇ ಗಾರ್ಡ್‌ಗಳನ್ನಷ್ಟೇ ನೋಡಿ, ಓಟವೋ ಎಸೆತವೋ ಜೋರಾಗಿ ಹೇಳಿ. ಹತ್ತರಲ್ಲಿ ಎಷ್ಟು ಸರಿಹೋಯಿತು ಎಂದು ಲೆಕ್ಕ ಇಡಲು ಮರೆಯಬೇಡಿ!