ಆಕಾಶಗಂಗೆಯಲ್ಲಿ ‘ಶಕ್ತಿ’ ಮತ್ತು ‘ಶಿವ’

2024ರಲ್ಲಿ ಖ್ಯಾತಿ ಮಲ್ಹನ್ ಹಾಗೂ ಹಾನ್ಸ್-ವಾಲ್ಟರ್ ರಿಕ್ಸ್ ಎಂಬ ಖಗೋಳ ವಿಜ್ಞಾನಿಗಳು ಆಕಾಶಗಂಗೆಯಲ್ಲಿ ಎರಡು ಪ್ರಾಚೀನ ನಕ್ಷತ್ರ ಪ್ರವಾಹಗಳನ್ನು ಗುರುತಿಸಿ, ಅವುಗಳಿಗೆ ‘ಶಕ್ತಿ’, ‘ಶಿವ’ ಎಂದು ಹೆಸರಿಟ್ಟರು. ಶಾಸ್ತ್ರದ ಮಾತನ್ನು ವಿಜ್ಞಾನವೇ ಒಪ್ಪಿತಲ್ಲವೇ ಎಂದು ಭಕ್ತರಿಗೆ ತೋರುವುದು ಸಹಜ. ಹೆಸರಿಗೆ ಹಿಗ್ಗುವ ಮುನ್ನ ವಿಷಯವನ್ನು ಅರಿಯುವುದು ಲೇಸು.

ಸಣ್ಣ ಗೆಲಾಕ್ಸಿಯೊಂದು ದೊಡ್ಡದರ ಸಮೀಪ ಬಂದಾಗ, ಅದರ ಹತ್ತಿರದ ಮಗ್ಗುಲಿಗೆ ಸೆಳೆತ ಹೆಚ್ಚು, ದೂರದ ಮಗ್ಗುಲಿಗೆ ಕಡಿಮೆ. ಕಡಲಿನ ಉಬ್ಬರವಿಳಿತಕ್ಕೂ ಚಂದ್ರನ ಇಂಥ ಸೆಳೆತವೇ ಮುಖ್ಯ ಕಾರಣ. ಈ ವ್ಯತ್ಯಾಸದಿಂದ ಸಣ್ಣ ಗೆಲಾಕ್ಸಿ ಛಿದ್ರವಾಗಿ, ಅದರ ನಕ್ಷತ್ರಗಳು ಹಾದಿಯುದ್ದಕ್ಕೂ ಹಿಂದೆ ಮುಂದೆ ಚೆಲ್ಲಿ ನೀಳವಾದ ಪ್ರವಾಹವಾಗುತ್ತವೆ. 1994ರಲ್ಲಿ ಪತ್ತೆಯಾದ ಧನು ರಾಶಿಯ ಕುಬ್ಜ ಗೆಲಾಕ್ಸಿ ಇಂದಿಗೂ ಹೀಗೆ ಸವೆಯುತ್ತಿದೆ.

ಚದುರಿದ ನಕ್ಷತ್ರಗಳ ಮೂಲವನ್ನು ತಿಳಿಯುವುದೆಂತು? ಮೊಳಕಾಲ್ಮೂರಿನ ನೇಕಾರರು ಒಮ್ಮೆಗೇ ಬಣ್ಣ ಹಾಕಿದ ರೇಷ್ಮೆಯ ಎಳೆಗಳನ್ನು ಬಣ್ಣದಿಂದಲೇ ಬಲ್ಲರು. ಅಂತೆಯೇ ಒಂದೇ ಮೂಲದ ನಕ್ಷತ್ರಗಳಲ್ಲಿ ಧಾತುಗಳ ಪ್ರಮಾಣವೂ ಚಲನೆಯ ಪರಿಯೂ ಹೋಲುತ್ತವೆ. ಯುರೋಪಿನ ಗಾಯಾ ಉಪಗ್ರಹವು 2014ರಿಂದ 2025ರ ಜನವರಿಯವರೆಗೆ 100 ಕೋಟಿಗೂ ಮಿಕ್ಕ ನಕ್ಷತ್ರಗಳ ಸ್ಥಾನ, ಚಲನೆಗಳನ್ನು ಅಳೆದು ಈ ಶೋಧಕ್ಕೆ ನೆರವಾಯಿತು.

ಈ ಪ್ರವಾಹಗಳು ಕಾಣದುದರ ಸುಳಿವನ್ನೂ ಕೊಡುತ್ತವೆ. ಗೆಲಾಕ್ಸಿಗಳನ್ನು ಕಪ್ಪು ದ್ರವ್ಯದ ಪ್ರಭಾವಲಯ ಆವರಿಸಿದೆಯೆಂಬುದು ವಿಜ್ಞಾನಿಗಳ ಎಣಿಕೆ. ಅದು ಬೆಳಕನ್ನು ಬೀರದು, ಆದರೆ ಸೆಳೆಯುತ್ತದೆ. ಪ್ರವಾಹ ಬಾಗಿದ ಬಗೆಯಿಂದ ಅದರ ತೂಕ, ಆಕಾರಗಳನ್ನು ಅಳೆಯಬಹುದು. ಜಿಡಿ-1 ಎಂಬ ಪ್ರವಾಹದ ನಡುವೆ ಕಂಡ ತೆರಪು, ಅಂಥ ದ್ರವ್ಯದ ಮುದ್ದೆಯೊಂದು ಹಾದುಹೋದ ಗುರುತಿರಬಹುದೆಂಬ ಊಹೆಯುಂಟು.

‘ಶಕ್ತಿ’, ‘ಶಿವ’ಗಳ ನಕ್ಷತ್ರಗಳ ವಯಸ್ಸು 1200ರಿಂದ 1300 ಕೋಟಿ ವರ್ಷ. ಆಕಾಶಗಂಗೆಯ ಶೈಶವದಲ್ಲಿ ಅದರೊಳಗೆ ಕೂಡಿದ ತುಣುಕುಗಳೇ ಇವೆಂಬುದು ಶೋಧಕರ ಮತ. ಆಕಾಶಗಂಗೆಯ ನಡುವಣ ನಕ್ಷತ್ರದಂಡವು ತಿರುಗುವುದರಿಂದಲೇ ಇಂಥ ಗುಂಪುಗಳು ಮೂಡಿರಬಹುದೆಂದು ಬೇರೆ ವಿದ್ವಾಂಸರು ವಾದಿಸಿದ್ದಾರೆ. ನಾಳೆ ನಿರ್ಣಯ ಬದಲಾದರೂ ನಾವು ಅಂಗೈಯಲ್ಲಿ ಪೂಜಿಸುವ ಲಿಂಗಕ್ಕೆ ಕುಂದಿಲ್ಲ. ಹೆಸರನ್ನೇ ಪ್ರಮಾಣವೆಂದು ಹಿಡಿದವರ ಮಾತಿಗೆ ಮಾತ್ರ ಕುಂದು. ಅರಿವಿಗೆ ಗುರುವಿನ ಸ್ಥಾನ ಕೊಟ್ಟ ಶರಣ ಪರಂಪರೆಗೆ ಅಂಥ ಹಂಗು ಬೇಡ.

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳಲ್ಲಿ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅಳಿದ ಸಾಮ್ರಾಜ್ಯದ ಸುದ್ದಿ ಕಲ್ಲಿನಲ್ಲಿ ಉಳಿದಂತೆ, ಅಳಿದ ಗೆಲಾಕ್ಸಿಯ ಸುದ್ದಿ ನಕ್ಷತ್ರಗಳ ನಡೆಯಲ್ಲಿ ಉಳಿದಿದೆ. ಚಳ್ಳಕೆರೆ ತಾಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಶಾಲಾ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ಅಲ್ಲಿ ಕಲಿತು ಬಂದ ಗುರುಗಳನ್ನು ಪ್ರಶ್ನಿಸಲು ಮಕ್ಕಳಿಗೆ ಧೈರ್ಯ ತುಂಬುವುದು ಮನೆಯ ಹಿರಿಯರ ಕರ್ತವ್ಯ.